ಮಾಳಿಗೆ ಮೇಲಿನ ಹಳದಿ ಹೊದಿಕೆ

ದುಡಿಯಲು ಹೋದ ಗಂಡನ ದಾರಿ ಕಾಯುವುದು ಯಾವ ಊರಿಗೂ ಹೊಸದಲ್ಲ. ಆದರೆ ನಮ್ಮ ಟೈಲರಮ್ಮ ಕಾಯುತ್ತಿದ್ದದ್ದು ಆಕಾಶ ನೋಡಿಕೊಂಡು. ಅವಳ ಗಂಡ ಹೆಲಿಕಾಪ್ಟರಿನಿಂದ ಬೆಳೆಗೆ ಔಷಧಿ ಸಿಂಪಡಿಸುವ ಪೈಲಟ್. ಹಂಗಾಮು ಶುರುವಾದರೆ ಮೂರು ತಿಂಗಳು ಮನೆ ಕಡೆ ತಲೆ ಹಾಕುವಂತಿಲ್ಲ. ಹೊಳೆಯಾಚೆಯ ಶಿಬಿರದಲ್ಲೇ ಊಟ, ಅಲ್ಲೇ ನಿದ್ದೆ.

ಹೆಲಿಕಾಪ್ಟರ್ ದಿನಾ ಹೋಗುವ ದಾರಿಯಲ್ಲೇ ಮನೆ. ಹಾಗಾಗಿ ಗಂಡಹೆಂಡತಿ ಒಂದು ಉಪಾಯ ಮಾಡಿಕೊಂಡಿದ್ದರು. ಬೆಳಿಗ್ಗೆ ಅವಳು ಮಾಳಿಗೆ ಮೇಲೆ ಹಳದಿ ಹೊದಿಕೆ ಹರಡುವಳು. ಅದನ್ನು ಕಂಡು ಅವನು ಹಿತ್ತಲ ಹೊಲದ ಮೇಲೆ ಮರದೆತ್ತರಕ್ಕೆ ಇಳಿದು, ಕೈ ಬೀಸಿ ಹೋಗುವನು. ಬರೀ ಹತ್ತು ಸೆಕೆಂಡಿನ ಭೇಟಿ. ಆ ಗಾಳಿಗೆ ಅವಳ ಬಾಚಿದ ತಲೆಯೆಲ್ಲ ಕೆದರಿಹೋಗುತ್ತಿತ್ತು. ಸಂಜೆಯವರೆಗೂ ಅವಳು ಅದನ್ನು ಸರಿಮಾಡಿಕೊಳ್ಳುತ್ತಿರಲಿಲ್ಲ.

ಒಂದು ಸಂಜೆ ಪಕ್ಕದ ಮನೆಯ ಲೈನ್‌ಮನ್ ಪ್ಯಾಂಟು ಗಿಡ್ಡ ಮಾಡಿಸಲು ಬಂದವನು, ನಾಳೆಯಿಂದ ಹೊದಿಕೆ ಹರಡಬೇಡ ಎಂದ.

"ಯಾಕಣ್ಣ, ನಿಮ್ಮ ಮನೆಯವರು ನಿಮಗೆ ಕೈ ಬೀಸಲ್ಲ ಅಂತ ಹೊಟ್ಟೆಕಿಚ್ಚಾ?"

ಅವನು ನಗಲಿಲ್ಲ. "ಹೊಸ ಪಂಪ್‌ಹೌಸಿಗೆ ಇವತ್ತು ಮಧ್ಯಾಹ್ನ ಕರೆಂಟ್ ಲೈನ್ ಎಳೆದ್ವಿ ತಂಗಿ. ನಿನ್ನ ಹಿತ್ತಲ ಹೊಲದ ಮೇಲೇ ಹೋಗಿದೆ. ನಾನೇ ಕಟ್ಟಿದ ತಂತಿ."

"ಕಟ್ಟಿದ್ರೆ ಏನಾಯ್ತು? ನಮಗೆ ಕಾಣೋದು ಅವರಿಗೆ ಕಾಣಲ್ವಾ? ಹದ್ದಿನ ಕಣ್ಣು ಅವರದ್ದು."

ಲೈನ್‌ಮನ್ ಮಾತು ಬೆಳೆಸದೆ ಅವಳನ್ನು ಮಾಳಿಗೆಗೆ ಕರೆದೊಯ್ದ. ಕೆಳಗೆ ಹುಲ್ಲಿನ ಅಂಗಳದಲ್ಲಿ ಅವಳದೇ ಬಟ್ಟೆ ಒಣಹಾಕುವ ತಂತಿ ಇತ್ತು, ಅವತ್ತು ಬಟ್ಟೆ ಇರಲಿಲ್ಲ. ಅದನ್ನು ತೋರಿಸು ಎಂದ. ಆರು ವರ್ಷದಿಂದ ದಿನಾ ಮುಟ್ಟುತ್ತಿದ್ದ ತಂತಿ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಎರಡು ಕಂಬ ಕಂಡವು, ತಂತಿ ಕಾಣಲಿಲ್ಲ.

ಕೆಳಗಿನಿಂದ ನೋಡಿದರೆ ತಂತಿಯ ಹಿಂದೆ ಬೆಳ್ಳಗಿನ ಆಕಾಶ, ಅದಕ್ಕೇ ಕಾಣುತ್ತದೆ ಎಂದು ಅವನು ಬಿಡಿಸಿ ಹೇಳಿದ. ಮೇಲಿನಿಂದ ನೋಡಿದರೆ ಅದು ಮಣ್ಣು, ಪೈರುಗಳಲ್ಲಿ ಕರಗಿಹೋಗುತ್ತದೆ. ಎದುರು ಬಿಸಿಲಿದ್ದರೆ ಮುಗಿದೇಹೋಯಿತು. ಕಂಡ ಮೇಲೆ ಹೆಲಿಕಾಪ್ಟರ್ ತಿರುಗಿಸಲು ಹೊತ್ತಿರುವುದಿಲ್ಲ. ಹುಡುಕಬೇಕಾದದ್ದು ಕಂಬವನ್ನು, ಆದರೆ ಇಲ್ಲಿ ಒಂದು ಕಂಬ ಮರಗಳ ಹಿಂದೆ ಮರೆಯಾಗಿದೆ.

ಅವಳು ಅಲ್ಲಿಂದಲೇ ಗಂಡನಿಗೆ ಫೋನ್ ಹಚ್ಚಿದಳು. ಅವನಿಗೆ ನಗು. "ಹನ್ನೆರಡು ವರ್ಷ ಆಯ್ತು ಹಾರಿಸ್ತಾ. ಆ ಹೊಲದ ಮೇಲೆ ಕಣ್ಣು ಮುಚ್ಚಿಕೊಂಡು ಬರ್ತೀನಿ."

"ಕಣ್ಣು ಬಿಟ್ಕೊಂಡು ಬಂದ್ರೂ ಕಾಣಲ್ಲ ಕಣ್ರೀ. ಇವತ್ತು ಹೊಸ ತಂತಿ ಎಳೆದಿದ್ದಾರೆ."

ಅವನು ನಕ್ಷೆ ಬಿಡಿಸಿ ನೋಡಿದ. ಶಿಬಿರದ ನಕ್ಷೆಯಲ್ಲಿ ಆ ತಂತಿ ಇರಲಿಲ್ಲ. ಲೈನ್‌ಮನ್ನನಿಗೆ ಫೋನ್ ಕೊಡಲು ಹೇಳಿ, ಕಂಬ ಎಲ್ಲಿಂದ ಎಲ್ಲಿಗೆ, ಎಷ್ಟು ಎತ್ತರ ಎಂದು ಒಂದೊಂದಾಗಿ ಬರೆದುಕೊಂಡ. ಕೊನೆಗೆ ಅವಳನ್ನು ಕೇಳಿದ, "ನಾಳೆ ಹೊದಿಕೆ?"

"ಹರಡಲ್ಲ. ಹತ್ತು ಸೆಕೆಂಡು ನನಗೆ ಎಂದೂ ಸಾಕಾಗಿರಲಿಲ್ಲ. ಇಡೀ ಮನುಷ್ಯ ಬೇಕು. ಹಂಗಾಮು ಮುಗಿಸಿ ಬಸ್ಸಲ್ಲಿ ಬನ್ನಿ."

ಮರುದಿನ ಹೆಲಿಕಾಪ್ಟರ್ ಎತ್ತರದಲ್ಲಿ ಕಣಜದ ಹುಳುವಿನಷ್ಟು ಚಿಕ್ಕದಾಗಿ ಹೋಯಿತು. ಮುಖ ಕಾಣಲಿಲ್ಲ. ಸದ್ದು ಅಡಗುವವರೆಗೂ ಅವಳು ಮಡಚಿದ ಹೊದಿಕೆಯನ್ನು ಎದೆಗವಚಿಕೊಂಡು ನಿಂತಿದ್ದಳು. ಬಾಚಿದ ತಲೆ ಬಾಚಿದ ಹಾಗೆಯೇ ಇತ್ತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಹೆಲಿಕಾಪ್ಟರ್ ಕಂಡರೆ ಖುಷಿಪಡಿ, ಕೈ ಬೀಸಿ ಕೆಳಕ್ಕೆ ಕರೆಯಬೇಡಿ. ನಿಮ್ಮ ಹೊಲದ ಮೇಲೆ ಹೊಸ ತಂತಿ ಬಂದಿದ್ದರೆ, ಔಷಧಿ ಸಿಂಪಡಿಸುವವರಿಗೆ ಅವರು ಕೇಳುವ ಮೊದಲೇ ತಿಳಿಸಿ. ಹಾರಿಸುವ ತಮ್ಮಂದಿರೇ, ಇಳಿಯುವ ಮುಂಚೆ ಮೇಲಿನಿಂದ ಒಂದು ಸುತ್ತು ಹಾಕಿ ಕಂಬ ಹುಡುಕಿ, ತಂತಿ ದಾಟುವಾಗ ಕಣ್ಣಿಗೆ ಕಾಣುವ ಕಂಬದ ನೆತ್ತಿಯ ಮೇಲೆಯೇ ದಾಟಿ. ಮನೆಯಲ್ಲಿ ಕಾಯುವವರಿಗೆ ಬೇಕಾಗಿರುವುದು ನಿಮ್ಮ ಹತ್ತು ಸೆಕೆಂಡಲ್ಲ, ನೀವು.