ಬಾಗಿಲ ಒಳಗೆ ಇಬ್ಬರು

ಮೈಸೂರು ಚಲೋ ಚಳವಳಿಯಲ್ಲಿ ಜೈಲಿಗೆ ಹೋದಾಗ ರಾಮಸ್ವಾಮಿಯವರು ಹೈಸ್ಕೂಲು ಹುಡುಗ. ದೇಶಕ್ಕೆ ಸ್ವಾತಂತ್ರ್ಯ ಬಂದಾಗಿತ್ತು, ಮೈಸೂರಿಗೆ ಬಂದಿರಲಿಲ್ಲ. ಈಗ ತೊಂಬತ್ತು ದಾಟಿದ್ದಾರೆ. ಬಸವನಗುಡಿಯ ಮನೆಯಲ್ಲಿ ಗ್ರಿಲ್ಲಿನ ಹಿಂದೆ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಾರೆ. ಹೋದ ತಿಂಗಳು ಒಬ್ಬರೇ ಪಾರ್ಕಿಗೆ ಹೊರಟು, ದಾರಿ ತಪ್ಪಿ ಬಿದ್ದಿದ್ದರು. ಅಂದಿನಿಂದ ಸೊಸೆ ಚೂಡಾಮಣಿ ಹೊರಗೆ ಹೋಗುವಾಗ ಆಚೆಯಿಂದ ಬೀಗ ಹಾಕುತ್ತಾಳೆ.

"ನಿಮ್ಮ ಒಳ್ಳೇದಕ್ಕೇ ಮಾವ."

"ಆಗಿನ ಸರ್ಕಾರಾನೂ ಹೀಗೇ ಅಂತಿತ್ತು," ಎಂದು ಅವರು, ತಮ್ಮನ್ನು ನೋಡಿಕೊಳ್ಳುವ ಮುನಿಯಕ್ಕನ ಹತ್ತಿರ ಗೊಣಗುತ್ತಿದ್ದರು. "ನನ್ನನ್ನ ಕೂಡಿಹಾಕ್ಬಿಟ್ರು ಕಣೆ."

"ನಾನೇನು ಆಚೆ ಇದೀನಾ ತಾತ?" ಎಂದು ಅವಳು ನಗುತ್ತಿದ್ದಳು. ಅವರೂ ನಗುತ್ತಿದ್ದರು.

ಇವತ್ತು ಚೂಡಾಮಣಿ ಮಗಳ ಮದುವೆಯ ಕಾರ್ಡು ನೋಡಲು ಸುಲ್ತಾನ್‌ಪೇಟೆಗೆ ಹೋಗಿದ್ದಳು. ಆಗಲೇ ಕಾಟನ್‌ಪೇಟೆಯಿಂದ ಮುನಿಯಕ್ಕನ ತಮ್ಮನ ಫೋನು ಬಂತು. ಅವ್ವನಿಗೆ ಮೇಲುಸಿರು ಬರ್ತಿದೆ, ಬಂದು ಬಾಯಿಗೆ ನೀರು ಬಿಡು.

ಅವಳು ಚೂಡಾಮಣಿಗೆ ಫೋನು ಮಾಡಿದಳು. "ಅಯ್ಯೋ, ಹೊರಟೆ ಮುನಿಯಕ್ಕ. ಮಾರ್ಕೆಟ್ ಹತ್ರ ಆಟೋ ಅಲ್ಲಾಡ್ತಾನೇ ಇಲ್ಲ."

ಹಿಂಬಾಗಿಲಿಗೂ ಬೀಗ. ರಾಮಸ್ವಾಮಿ ಎದ್ದು ಗ್ರಿಲ್ ಹಿಡಿದು ಅಲ್ಲಾಡಿಸಿದರು. ಎದುರು ಮನೆಯ ಮನೋಹರ್ ಗೇಟಿನವರೆಗೆ ಬಂದ.

"ಬೀಗ ಒಡೀರಿ! ಇವಳು ಹೋಗ್ಬೇಕು!"

"ಮತ್ತೆ ಎಲ್ಲಿಗೆ ಸಾರ್ ಸವಾರಿ?" ಅವನು ನಕ್ಕ.

"ನಮ್ಮವ್ವಂಗೆ ಹುಷಾರಿಲ್ಲ ಅಣ್ಣ," ಎಂದು ಮುನಿಯಕ್ಕ ಕೂಗಿದಳು.

ಅವನ ನಗು ನಿಂತಿತು. "ಬೇರೆಯವರ ಮನೆ ಬೀಗ ನಾನು ಹೆಂಗಮ್ಮ ಒಡೀಲಿ? ಮೇಡಂ ಬಂದ್ಬಿಡ್ತಾರೆ, ಇರಿ."

ರಾಮಸ್ವಾಮಿ ಗ್ರಿಲ್ಲಿಗೆ ಹಣೆ ಒತ್ತಿ ನಿಂತರು. ಜೈಲಿನ ಪಹರೆಯವನು ಹೀಗೇ ನಿಲ್ಲುತ್ತಿದ್ದ, ಸರಳಿನ ಆಚೆ. ಸಂಜೆ ಜೊತೆಯ ಕೈದಿಯೊಬ್ಬರು ರಾಗವಾಗಿ ಪದ್ಯ ಓದುವಾಗ ಅಲ್ಲಾಡದೆ ಕೇಳುತ್ತಿದ್ದ. ಒಂದು ದಿನ, "ಮಗು ಹುಟ್ಟಿದೆಯಂತೆ ಸ್ವಾಮಿ, ರಜಾ ಕೊಡ್ತಿಲ್ಲ," ಎಂದಿದ್ದ. ಸರ್ಕಾರದ ಆಳು ನೀನು, ಅನುಭವಿಸು ಎಂದು ಹುಡುಗರೆಲ್ಲ ನಕ್ಕಿದ್ದರು. ಬಿಡುಗಡೆಯ ದಿನ ಕೊರಳಲ್ಲಿ ಹಾರ, ಹೊರಗೆ ಜೈಕಾರ. ಬಾಗಿಲು ತೆಗೆದವನು ಅವನೇ. ಅವನ ಮುಖವನ್ನು ರಾಮಸ್ವಾಮಿ ನೋಡಿರಲಿಲ್ಲ. ತಾನು ಆಚೆ ಬಂದರೆ ಅದೇ ಸ್ವಾತಂತ್ರ್ಯ ಎಂದು ಇಷ್ಟು ವರ್ಷ ಸನ್ಮಾನದ ಶಾಲು ಹೊದ್ದು ಭಾಷಣ ಮಾಡಿದ್ದರು. ಒಳಗೆ ಯಾರು ಉಳಿದರು ಎಂದು ಕೇಳಿಕೊಂಡಿರಲಿಲ್ಲ.

ಫೋನು ಮತ್ತೆ ರಿಂಗಾಯಿತು. ಮುನಿಯಕ್ಕ ಕೇಳಿಸಿಕೊಂಡಳು. ಗೋಡೆಗೆ ಒರಗಿ ಹಾಗೇ ಕುಸಿದಳು.

"ಮುನಿಯಕ್ಕ..." ಅವರು ಗ್ರಿಲ್ ಬಿಟ್ಟು ಅವಳತ್ತ ತಿರುಗಿದರು.

ಸ್ವಲ್ಪ ಹೊತ್ತಿಗೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಮಾತ್ರೆಯ ಹೊತ್ತಾಗಿತ್ತು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ದಿನದಂತೆ ಗದ್ದ ಹಿಡಿದು, ಲೋಟವನ್ನು ತುಟಿಗೆ ಇಟ್ಟಳು.

ಅವರಿಗೆ ಬಾಯಿ ತೆರೆಯಲಾಗಲಿಲ್ಲ. ನೀರು ಗದ್ದದಿಂದ ಇಳಿದು ಅಂಗಿಯನ್ನು ನೆನೆಸಿತು.

"ಕುಡೀರಿ ತಾತ," ಎಂದಳು ಅವಳು. "ಒಂದು ಗುಟುಕಾದ್ರೂ ಕುಡಿದ್ಬಿಡಿ."