ಉಜ್ಜಪ್ಪನ ಕೊರಳಲ್ಲಿ ವರದಮ್ಮನ ಸೀಟಿ

ಮೆಕ್ಕೆಜೋಳ ತೆನೆ ಕಟ್ಟಿತೆಂದರೆ ತಾಳಗುಂದದ ಕಡೆಯ ಹಳ್ಳಿಗಳಲ್ಲಿ ಗಿಳಿಗಳ ಕಾಟ ಶುರು. ಬೆದರುಬೊಂಬೆಗೆ ಅವು ಹೆದರುವುದಿಲ್ಲ. ಅದರ ತಲೆಯ ಮೇಲೇ ಕೂತು ತೆನೆ ತಿನ್ನುತ್ತವೆ. ಉಜ್ಜಪ್ಪ ಇದಕ್ಕೊಂದು ಉಪಾಯ ಕಂಡುಕೊಂಡಿದ್ದ. ಹೆಂಡತಿ ವರದಮ್ಮ ಕೆರೆ ದಾಟುವಾಗ ತೊಡುವ ಲೈಫ್ ಜಾಕೆಟ್ಟಿಗೆ ಒಂದು ಕಿತ್ತಳೆ ಬಣ್ಣದ ಸೀಟಿ ಕಟ್ಟಿತ್ತು. ಅದನ್ನು ಬಿಚ್ಚಿ ತನ್ನ ಕೊರಳಿಗೆ ಹಾಕಿಕೊಂಡ. ಬೆಳಗಾಗುತ್ತಲೇ ಹೊಲದ ಬದುವಿನ ಮೇಲೆ ನಿಂತು ಊದತೊಡಗಿದ. ಗಿಳಿಗಳು ಹಾರಿಹೋದವು. ಅವನಿಗೆ ಹಿಗ್ಗೋ ಹಿಗ್ಗು.

"ರೀ, ಅದು ಜಾಕೆಟ್ಟಿಂದು. ನನ್ನ ತಮ್ಮನ ಮಗಳು ಸಂಗೀತ ಕಟ್ಟಿ ಕೊಟ್ಟಿದ್ದು," ಎಂದಳು ವರದಮ್ಮ.

"ಜಾಕೆಟ್ ತೇಲಿಸ್ತದೆ, ಸೀಟಿ ತೇಲಿಸ್ತದೇನು? ಸುಮ್ನೆ ನೇತಾಡ್ತಿತ್ತು. ನನಗಾದ್ರೂ ಕೆಲಸಕ್ಕೆ ಬಂತು."

ವರದಮ್ಮ ಸೀಟಿಯನ್ನು ಅವನಿಗೇ ಬಿಟ್ಟುಕೊಟ್ಟಳು. ಬಿಟ್ಟುಕೊಡಬಾರದಿತ್ತು ಎಂದು ಅವಳಿಗೆ ಆಮೇಲೆ ಗೊತ್ತಾಯಿತು.

ಊರು ಮತ್ತು ಹೊಲ ಕೆರೆಯ ಈಚೆ ದಂಡೆಯಲ್ಲಿ. ಕುರಿ ಮಂದೆ ಆಚೆ ದಂಡೆಯಲ್ಲಿ. ಮಂದೆ ಕಾಯುವವನು ವರದಮ್ಮನ ತಮ್ಮ ಮಹಾಂತೇಶ. ದಿನವೂ ಅವನಿಗೆ ಬುತ್ತಿ ಹೋಗಬೇಕು, ಮರಿಗಳಿಗೆ ಔಷಧಿ ಹೋಗಬೇಕು. ರಸ್ತೆ ಹಿಡಿದು ಸುತ್ತಿ ಹೋದರೆ ಅರ್ಧ ದಿನ ಅಲ್ಲಿಗೇ ಮುಗಿಯಿತು. ಅದಕ್ಕೆ ವರದಮ್ಮ ತೆಪ್ಪ ಹತ್ತುತ್ತಾಳೆ. ಬುಟ್ಟಿಯಂತಹ ಆ ದುಂಡು ತೆಪ್ಪ ಅವಳು ಹುಟ್ಟು ಹಾಕಿದರೆ ನೆಟ್ಟಗೆ ಹೋಗುತ್ತದೆ, ಬೇರೆಯವರು ಹಾಕಿದರೆ ಗಿರಗಿರ ತಿರುಗುತ್ತದೆ. ಈ ವಿಷಯದಲ್ಲಿ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ, ಜಂಬ ಪಡುವಂಥ ಕೆಲಸವೇ ಅದು.

ದೀಪಾವಳಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಕೆರೆ ತುಂಬ ಮಂಜು. ಹುಟ್ಟಿನ ತುದಿ ಕೂಡ ಕಾಣುವಂತಿರಲಿಲ್ಲ. ವರದಮ್ಮ ಜಾಕೆಟ್ಟಿಗೆ ತೋಳು ತೂರಿಸಿದಳು, ಪಟ್ಟಿ ಬಿಗಿಯಲಿಲ್ಲ. ದಿನಾ ಹೋಗುವ ದಾರಿ ತಾನೇ ಎಂದು ಹೊರಟಳು. ನಡು ಕೆರೆಯಲ್ಲಿ ಯಾರೋ ಮೀನಿಗೆ ಬಿಟ್ಟಿದ್ದ ಬಲೆಗೆ ಹುಟ್ಟು ಸಿಕ್ಕಿಕೊಂಡಿತು. ಬಿಡಿಸಲು ಒಂದೇ ಬದಿಗೆ ಬಾಗಿದಳು. ತೆಪ್ಪ ಮಗುಚಿತು.

ಜಾಕೆಟ್ ಅವಳನ್ನು ಮೇಲಕ್ಕೆತ್ತಿತು. ಆದರೆ ಪಟ್ಟಿ ಬಿಗಿದಿರಲಿಲ್ಲವಲ್ಲ, ಅದು ಜಾರಿ ಕಿವಿಯವರೆಗೆ ಬಂತು. ಬಲೆಯ ಹುರಿ ಕಾಲಿಗೆ ಸುತ್ತಿಕೊಂಡಿತ್ತು. ಒದ್ದಷ್ಟೂ ಬಿಗಿಯಿತು. ಸೆರಗಿನಲ್ಲಿದ್ದ ಫೋನು ನೀರು ಪಾಲಾಯಿತು.

"ಯಾರಾದ್ರೂ ಬರ್ರೋ!" ಎಂದು ಕೂಗಿದಳು. ಬಾಯಿಗೆ ನೀರು ನುಗ್ಗಿತು.

ಆಗ ಮಂಜಿನಾಚೆಯಿಂದ ಒಂದು ಸದ್ದು ಕೇಳಿತು. ಪೀ... ಪೀ... ಪೀ... ಅವಳದೇ ಸೀಟಿ! ದಂಡೆಯ ಹೊಲದಲ್ಲಿ ಉಜ್ಜಪ್ಪ ಉತ್ಸಾಹದಿಂದ ಊದುತ್ತಿದ್ದ. ಅವಳು ಒಮ್ಮೆ ಕೂಗಿದರೆ ಅವನು ನಾಲ್ಕು ಸಲ ಊದುತ್ತಿದ್ದ. ತನ್ನ ಎದೆಯ ಮೇಲೆ ಇರಬೇಕಾದ ಸೀಟಿಯೇ ತನ್ನ ಕೂಗನ್ನು ಮುಚ್ಚಿಹಾಕುತ್ತಿದೆ! ವರದಮ್ಮನಿಗೆ ಭಯಕ್ಕಿಂತ ಸಿಟ್ಟು ಹೆಚ್ಚಾಯಿತು. ಆ ಸಿಟ್ಟಿನಲ್ಲೇ ಮಗುಚಿದ ತೆಪ್ಪದ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಸಾಯುವುದಿಲ್ಲ, ದಂಡೆ ಮುಟ್ಟಿ ಇವನನ್ನು ವಿಚಾರಿಸಿಕೊಳ್ಳಲೇಬೇಕು ಎಂದುಕೊಂಡಳು.

ಅವಳ ಪುಣ್ಯ, ಉಜ್ಜಪ್ಪನಿಗೆ ಎಲೆ ಅಡಿಕೆ ನೆನಪಾಯಿತು. ಸೀಟಿಯನ್ನು ಬಾಯಿಂದ ತೆಗೆದ. ಆಗ ಕೆರೆಯ ಕಡೆಯಿಂದ ಸಣ್ಣ ದನಿಯೊಂದು ಕೇಳಿತು. ಮೊದಲು ಯಾವುದೋ ನೀರುಹಕ್ಕಿ ಎಂದುಕೊಂಡ. ಮತ್ತೆ ಕೇಳಿತು. ಎಲೆ ಅಡಿಕೆ ಕೈಯಿಂದ ಬಿತ್ತು. ಮೀನು ಹಿಡಿಯುವ ಚನ್ನೇಶನನ್ನು ಎಬ್ಬಿಸಿಕೊಂಡು, ಅವನ ತೆಪ್ಪದಲ್ಲಿ ದನಿ ಬಂದ ಕಡೆಗೆ ಹೋದ. ಚನ್ನೇಶ ಸೊಂಟದ ಚಾಕು ತೆಗೆದು ಹುರಿ ಕತ್ತರಿಸಿ ವರದಮ್ಮನನ್ನು ಮೇಲೆಳೆದುಕೊಂಡ. ಅವಳು ಉಜ್ಜಪ್ಪನ ಕೊರಳಿನ ಸೀಟಿಯನ್ನು ಬೆರಳು ಮಾಡಿ ತೋರಿಸಿದಳು, ಅಷ್ಟೇ.

ಸಂಜೆಯ ಹೊತ್ತಿಗೆ ಸಂಗೀತ ಓಡಿ ಬಂದಳು. ಮಹಾಂತೇಶನ ಮಗಳು ಅವಳು. ಜಲಾಶಯವೊಂದರಲ್ಲಿ ಪ್ರವಾಸಿಗರಿಗೆ ಸಣ್ಣ ದೋಣಿ ನಡೆಸುವುದನ್ನು ಕಲಿಸುತ್ತಾಳೆ. ಅತ್ತೆಯನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಮಾವನ ಕಡೆ ತಿರುಗಿದಳು.

ಉಜ್ಜಪ್ಪ ಮೊದಲೇ ತೀರ್ಪು ಕೊಟ್ಟುಬಿಟ್ಟ. "ನಾಳೆಯಿಂದ ಇವಳು ತೆಪ್ಪ ಹತ್ತೋದು ಬೇಡ. ತೆಪ್ಪನೇ ಕೊಟ್ಟುಬಿಡ್ತೀನಿ ಯಾರಿಗಾದ್ರೂ."

"ಮಂದೆಗೆ ಯಾರು ಹೋಗ್ತಾರೆ? ನೀವು ಹೋಗ್ತೀರೇನು ಸುತ್ತು ಹಾಕ್ಕೊಂಡು?" ವರದಮ್ಮನ ಗಂಟಲು ಕೂಗಿ ಕೂಗಿ ಒಡೆದಿತ್ತು, ಆದರೆ ಮಾತು ಗಟ್ಟಿಯಿತ್ತು. "ತಪ್ಪು ತೆಪ್ಪದ್ದಲ್ಲ. ಪಟ್ಟಿ ಬಿಗೀಲಿಲ್ಲ, ಅದು ನಂದು. ಸೀಟಿ ಬಿಚ್ಚಿದ್ರಿ, ಅದು ನಿಮ್ದು. ನಾನು ತೆಪ್ಪ ಬಿಡಾದಿಲ್ಲ. ಸಂಗೀತ, ಏನೇನು ಬೇಕು ಹೇಳವ್ವ, ಎಲ್ಲಾ ಕಟ್ಕೊಂಡೇ ಹೋಗ್ತೀನಿ."

ಸಂಗೀತ ತನ್ನ ಜಾಕೆಟ್ ತಂದು ತೋರಿಸಿದಳು. ಅದರ ಎದೆಯ ಮೇಲೆ ಗಿಡ್ಡ ದಾರದಲ್ಲಿ ಸೀಟಿ ಇತ್ತು. ಪಕ್ಕದಲ್ಲಿ ಒರೆಯೊಳಗೆ ಮೊಂಡು ತುದಿಯ ಚಾಕು. ಭುಜದ ಮೇಲೆ ನೀರಿಗೆ ಕೆಡದ ಪುಟ್ಟ ದೀಪ.

ಉಜ್ಜಪ್ಪ ಮೂಗು ಮುರಿದ. "ಇದೇನು ಜಾಕೆಟ್ಟೋ ಒಡವೆ ಅಂಗಡಿಯೋ?"

"ಮಾವ, ಜಾಕೆಟ್ ತೇಲಿಸ್ತದೆ, ನಿಜ. ಆದ್ರೆ ತೇಲ್ತಾ ಇದ್ದೀವಿ ಅಂತ ದಂಡೇಲಿರೋರಿಗೆ ಗೊತ್ತಾಗೋದು ಹೆಂಗೆ? ಅದಕ್ಕೆ ಸೀಟಿ. ಕತ್ತಲಾದ್ರೆ ದೀಪ. ಬಲೆ, ಬಳ್ಳಿ ಸುತ್ಕೊಂಡ್ರೆ ಚಾಕು."

"ಬಾಯಿ ಇಲ್ವೇನು ಕೂಗಾಕೆ?"

"ಐತಲ್ಲ ನಿಮಗೂ," ಎಂದಳು ವರದಮ್ಮ. "ನಾಳೆ ನೀವೇ ಇಳೀರಿ ನೀರಿಗೆ."

ಹೆಂಡತಿ ಹಟ ಹಿಡಿದರೆ ಉಜ್ಜಪ್ಪನ ಆಟ ನಡೆಯುವುದಿಲ್ಲ. ಮರುದಿನ ವರದಮ್ಮನ ಜಾಕೆಟ್ ತೊಡಿಸಿ ಎದೆಮಟ್ಟದ ನೀರಿನಲ್ಲಿ ಅವನನ್ನು ನಿಲ್ಲಿಸಿದರು. ಸಂಗೀತ ಪಕ್ಕದಲ್ಲೇ ಹಗ್ಗ ಹಿಡಿದು ನಿಂತಳು. ಪಟ್ಟಿ ಬಿಗಿಯದೆ ಕಾಲು ಮಡಚಿ ತೇಲಿದ. ಜಾಕೆಟ್ ಮೇಲೇರಿ ಅವನ ಮೀಸೆಯೂ ಕಾಣದಾಯಿತು. "ಚನ್ನೇಶಾ" ಎಂದು ಕೂಗಿದ. ಎರಡನೇ ಸಲಕ್ಕೆ ಕೆರೆ ನೀರು ಕುಡಿದು ಕೆಮ್ಮಿದ. ದೂರದ ಕೆರೆ ಏರಿಯ ಮೇಲೆ ಬಲೆ ಹೆಣೆಯುತ್ತಿದ್ದ ಚನ್ನೇಶ ತಲೆ ಕೂಡ ಎತ್ತಲಿಲ್ಲ. ಅವನಿಗೆ ಈ ಪರೀಕ್ಷೆಯ ವಿಷಯ ಯಾರೂ ಹೇಳಿರಲಿಲ್ಲ.

"ಈಗ ಪಟ್ಟಿ ಬಿಗಿದು ಕೊರಳಿನ ಸೀಟಿ ಊದ್ರಿ ಮಾವ. ಉದ್ದಕ್ಕೆ, ಮೂರು ಸಲ."

ಊದಿದ. ಸೀಟಿ ಹೊಲದಿಂದಲ್ಲ, ಕೆರೆಯೊಳಗಿಂದ ಕೇಳಿದ್ದೇ ಚನ್ನೇಶ ಬಲೆ ಬಿಸಾಕಿ, ಬಿದಿರ ಗಳು ಹಿಡಿದು, ಏರಿಯಿಂದ ಇಳಿದು ಓಡೋಡಿ ಬಂದ. "ಯಾರಿಗೇನಾತು?" ಎಂದು ಏದುಸಿರು ಬಿಟ್ಟ.

ಉಜ್ಜಪ್ಪ ನೀರಿನಲ್ಲೇ ನಿಂತು ಅವನನ್ನು ನೋಡಿದ, ಹೆಂಡತಿಯನ್ನು ನೋಡಿದ. ನಿನ್ನೆ ಅವಳು ಎಷ್ಟು ಹೊತ್ತು ಕೂಗಿರಬಹುದು ಎಂಬುದು ಅವನಿಗೆ ಆಗ ಅರ್ಥವಾಯಿತು. ಅವನ ಕಣ್ಣು ತುಂಬಿತು. ದಂಡೆಗೆ ಬಂದವನೇ ಸೀಟಿಯ ದಾರವನ್ನು ತನ್ನ ಕೈಯಾರೆ ಅವಳ ಜಾಕೆಟ್ಟಿಗೆ ಕಟ್ಟಿದ. ದಾರ ಉದ್ದವಾಗಿ ನೇತಾಡಿದರೆ ಅದೇ ಬಳ್ಳಿಗೆ ಸಿಕ್ಕಿಕೊಳ್ಳುತ್ತದೆ, ಬಾಯಿಗೆ ಮುಟ್ಟುವಷ್ಟಿದ್ದರೆ ಸಾಕು ಎಂದು ಸಂಗೀತ ಹೇಳಿದಳು. ಅವನು ಬಿಚ್ಚಿ ಮತ್ತೆ ಗಿಡ್ಡ ಮಾಡಿ ಕಟ್ಟಿದ.

"ಇನ್ನು ಗಿಳಿಗೆ?" ಎಂದು ಚನ್ನೇಶ ಕೆಣಕಿದ.

"ಡಬ್ಬ ಬಡೀತೀನಿ. ನೀನೂ ಊರಾಗೆ ಹೇಳು, ಹೊಲದಾಗೆ ಯಾರೂ ಸೀಟಿ ಊದಬಾರದು. ಸೀಟಿ ಕೇಳ್ತು ಅಂದ್ರೆ ಕೆರೇಲಿ ಯಾರೋ ಕಷ್ಟದಾಗೆ ಅದಾರೆ ಅಂತನೇ ಅರ್ಥ."

ಕೆಲವು ದಿನ ಬಿಟ್ಟು ಮತ್ತೆ ಮಂಜು ಬಿತ್ತು. ಈ ಸಲ ವರದಮ್ಮ ಬಿಸಿಲೇರುವವರೆಗೆ ಕಾದಳು. ಮಂಜು ಕರಗಿ ಆಚೆ ದಂಡೆ ಕಂಡ ಮೇಲೆ ಪಟ್ಟಿಗಳನ್ನು ಬಿಗಿದಳು. ಸೀಟಿ, ಸಂಗೀತ ಕೊಟ್ಟುಹೋದ ಚಾಕು, ದೀಪ ಮುಟ್ಟಿ ನೋಡಿಕೊಂಡಳು. ಹೊಸ ಫೋನನ್ನು ನೀರು ಹೋಗದ ಚೀಲಕ್ಕೆ ಹಾಕಿ ಹುಟ್ಟು ಎತ್ತಿದಳು.

ಉಜ್ಜಪ್ಪ ಬದುವಿನ ಮೇಲೆ ಡಬ್ಬ ಹಿಡಿದು ನಿಂತಿದ್ದ. ಗಿಳಿಗಳು ಹಿಂಡುಹಿಂಡಾಗಿ ಬಂದು ತೆನೆಗಳ ಮೇಲೆ ಕೂತವು. ಅವನು ಡಬ್ಬ ಬಡಿಯಲಿಲ್ಲ. ಕೆರೆಯ ಕಡೆಗೇ ಕಿವಿ ಕೊಟ್ಟು ನಿಂತ. ಸೀಟಿ ಕೇಳಲಿಲ್ಲ. ಕೊನೆಗೆ ಫೋನು ಬಂತು.

"ಮುಟ್ಟಿದೆ ರೀ. ಯಾಕೆ, ಡಬ್ಬದ ಸದ್ದೇ ಇಲ್ಲ? ಗಿಳಿ ಬಂದಿಲ್ವಾ?"

"ಬಂದಾವೆ," ಎಂದ ಉಜ್ಜಪ್ಪ. "ನೀನು ಮುಟ್ಟೋತನಕ ತಿನ್ಲಿ ಬಿಡು."

ಅಕ್ಕಂದಿರೇ, ಅಣ್ಣಂದಿರೇ, ಕೆರೆಗೋ ಹೊಳೆಗೋ ತೆಪ್ಪ ಇಳಿಸುವವರು ನಿಮ್ಮ ಮನೆಯಲ್ಲಿದ್ದರೆ ಇವತ್ತೇ ಅವರ ಜಾಕೆಟ್ ತೆಗೆದು ನೋಡಿ. ಪಟ್ಟಿ ಹರಿದಿಲ್ಲ ತಾನೇ? ಚಾಕು ಕೈಗೆ ಸಿಗುತ್ತದೆಯೇ? ದೀಪ ಹೊತ್ತುತ್ತದೆಯೇ? ಸೀಟಿ ಇದೆಯೇ? ಇಲ್ಲವೆಂದರೆ ಅದು ಯಾರ ಕೊರಳಲ್ಲಿದೆ, ಯಾವ ಮಗುವಿನ ಆಟದಲ್ಲಿದೆ, ಹುಡುಕಿ ತನ್ನಿ. ನಿಮ್ಮ ಕೈಯಾರೆ ಕಟ್ಟಿ. ಆಮೇಲೆ ತೆಪ್ಪ ನೀರಿಗಿಳಿಯಲಿ.