ಅರಗಿನ ಕೆಂಪು

ರೇಷ್ಮೆಗೆ ಕೆಂಪು ಹಾಕುವ ಅರಗಿನ ಮಡಕೆ ಒಲೆಯ ಮೇಲಿದ್ದಾಗ ಬಸುರಿ ಹೆಂಗಸು ಅದರ ಹತ್ತಿರ ಸುಳಿಯಬಾರದು. ಸುಳಿದರೆ ಕೆಂಪು ಮುನಿಸಿಕೊಳ್ಳುತ್ತದೆ, ರೇಷ್ಮೆ ಕಂದಿಹೋಗುತ್ತದೆ. ಲಾವೋಸ್ ದೇಶದ ಸಾಮ್‌ನುವಾ ಕಡೆಯ ಹಳ್ಳಿಗಳಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹೆಣ್ಣುಮಕ್ಕಳು ತಿಳಿದುಕೊಂಡೇ ಬೆಳೆಯುತ್ತಾರೆ. ಮುಟ್ಟಾದವಳೂ ದೂರ ಕೂರಬೇಕು. ಆದರೆ ಆ ನೆಪವನ್ನು ಕೇಸೋನ್ ಮೊನ್ನೆ ಮೊನ್ನೆ ಪಕ್ಕದ ಮನೆಯವರು ಬಣ್ಣ ಕಾಯಿಸಿದಾಗಲೇ ಖರ್ಚು ಮಾಡಿಬಿಟ್ಟಿದ್ದಳು. ಅದೇ ತಿಂಗಳಲ್ಲಿ ಎರಡು ಸಲ ಮುಟ್ಟಾಗುವುದು ಹೇಗೆ?

ಈಗ ಅವಳ ಅತ್ತೆ ಚಾನ್‌ಪೆಂಗ್ ಪಕ್ಕದೂರಿನಿಂದ ಬುಟ್ಟಿ ತುಂಬ ಅರಗಿನ ಕಡ್ಡಿ ಹೊತ್ತು ಬಂದು, ಮನೆಯ ಕೆಳಗೆ ಕಂಬಗಳ ನಡುವೆ ಕಾಲು ಚಾಚಿ ಕೂತಿದ್ದಳು. ಕಿರಿಮಗನ ಮದುವೆಗೆ ಕೆಂಪು ಶಾಲು ಬೇಕು. ಕೆಂಪು ಅಂದರೆ ಕೇಸೋನಳ ತಾಯಿ ಒನ್ಸಿಯ ಕೈಯದೇ ಆಗಬೇಕು.

ಕೇಸೋನ್ ಗಂಡನ ಬಳಿಗೆ ಹೊರಡಬೇಕಿದ್ದ ಬಸ್ಸು ಇದ್ದದ್ದು ಮರುದಿನ ಬೆಳಿಗ್ಗೆ. ಗಂಡ ಸೊಮ್‌ಲಿತ್ ರಾಜಧಾನಿ ವಿಯೆಂಟಿಯಾನಿನಲ್ಲಿ ವೆಲ್ಡಿಂಗ್ ಅಂಗಡಿ ಸೇರಿದ್ದ, ಕೊನೆಗೂ ಒಂದು ಕೋಣೆ ಹಿಡಿದಿದ್ದ. ಕೇಸೋನ್ ಕಿರಿಮಗಳು, ಮದುವೆಯಾದ ಮೇಲೂ ತಾಯಿಯ ಮನೆಯಲ್ಲೇ ಇರಬೇಕಾದವಳು. ಕಿರಿಮಗಳಿಗೆ ಮನೆ ಬರುತ್ತದೆ ಎಂದು ಊರು ಹೇಳುತ್ತದೆ, ಮನೆಯ ಪಾಲಿಗೆ ಕಿರಿಮಗಳು ಹೋಗುತ್ತಾಳೆ ಎನ್ನುವುದು ಹೆಚ್ಚು ನಿಜ. ಇಬ್ಬರು ಅಕ್ಕಂದಿರು ರೆಕ್ಕೆ ಬಲಿತ ಕೂಡಲೇ ಹಾರಿದ್ದರು. ಇವಳಿಗೆ ತಾಯಿ ಬಹಳ ಕಷ್ಟದಿಂದ, ಬರುವ ವರ್ಷದ ಹಬ್ಬದವರೆಗೆ ಮಾತ್ರ ಎಂದು, ಹೂಂ ಅಂದಿದ್ದಳು. ಬಸುರಿ ಎಂದು ಗೊತ್ತಾದರೆ ಆ ಹೂಂ ಅಲ್ಲೇ ಮುಗಿಯಿತು. ಹೆರಿಗೆ ಇಲ್ಲೇ, ಬಾಣಂತಿಯಾಗಿ ಬೆಂಕಿಯ ಪಕ್ಕ ಮಲಗುವುದು ಇಲ್ಲೇ, ಮಗು ನಡೆಯುವುದು ಇಲ್ಲೇ. ಅದಕ್ಕೇ ಅವಳು ಯಾರಿಗೂ ಹೇಳಿರಲಿಲ್ಲ. ಸೊಮ್‌ಲಿತ್‌ಗೂ ಹೇಳಿರಲಿಲ್ಲ, ಅವನು ಖುಷಿ ತಡೆಯಲಾರದೆ ಊರಿಗೆಲ್ಲ ಸಾರುವ ಜಾತಿ.

"ಏನೇ, ಅಷ್ಟು ದೂರ ಕೂತಿದ್ದೀಯಾ? ಮಡಕೆ ಕಚ್ಚುತ್ತಾ?" ಎಂದಳು ಅತ್ತೆ.

"ಹೊಗೆ, ಅತ್ತೆ."

"ವಿಯೆಂಟಿಯಾನಲ್ಲಿ ಹೊಗೆ ಇರಲ್ಲ ಅಂದ್ಕೊಂಡಿದ್ದೀಯಾ? ಬಾ ಇಲ್ಲಿ, ಕೋಲು ಹಿಡಿ."

ಕೇಸೋನ್ ತಾಯಿಯ ಮುಖ ನೋಡಿದಳು. ಒನ್ಸಿ ಹುಣಸೆ ಚಿಗುರು ಕಿವುಚಿ ಮಡಕೆಗೆ ಹಿಂಡುತ್ತಿದ್ದಳು, ತಲೆ ಎತ್ತಲಿಲ್ಲ. ಹೋದರೆ ಬಣ್ಣ ಕೆಟ್ಟು ಸಿಕ್ಕಿಬೀಳುತ್ತೇನೆ, ಹೋಗದಿದ್ದರೆ ಈಗಲೇ ಸಿಕ್ಕಿಬೀಳುತ್ತೇನೆ. ಅತ್ತ ದರಿ, ಇತ್ತ ಪುಲಿ. ಕೇಸೋನ್ ಎದ್ದು ಬಂದು ಕೋಲು ಹಿಡಿದಳು. ಬಿಳಿ ರೇಷ್ಮೆ ರಸದೊಳಗೆ ಇಳಿಯಿತು. ಅವಳು ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಆದಷ್ಟು ಹಿಂದಕ್ಕೆ ಎಳೆದುಕೊಂಡು ತಿರುವಿದಳು. ಮಡಕೆಗೆ ಕಣ್ಣಿದ್ದರೆ ಕಾಣದಿರಲಿ ಎಂದು.

ಅತ್ತೆ ಬಾಯಿಗೆ ಬೀಗವಿಲ್ಲದವಳು. ಕಿರಿಮಗನ ಹೊಸ ಬೀಗರ ಜಿಪುಣತನ, ತನ್ನ ಗಂಡನ ಗೊರಕೆ, ಎಲ್ಲ ಹೇಳುತ್ತ ಹೋದಳು. ಒಲೆ ಎರಡು ಸಲ ಆರಿ ಎರಡು ಸಲ ಹೊತ್ತಿತು. ಕೊನೆಗೆ ಒನ್ಸಿ ಬಟ್ಟೆಯ ತುದಿಯನ್ನು ಕೋಲಿನಿಂದ ಮೇಲೆತ್ತಿದಳು.

ಕೆಂಪು. ಅಪ್ಪಟ ಕೆಂಪು, ಹಣ್ಣಾದ ಮೆಣಸಿನಕಾಯಿಯ ಕೆಂಪು. ಒನ್ಸಿಯ ಕೈಯಲ್ಲೂ ಇಂಥ ಬಣ್ಣ ಅಪರೂಪ. ಕೇಸೋನಳಿಗೆ ನಗು ಉಕ್ಕಿ ಬಂತು. ಹಳೇ ಮುದುಕಿಯರ ಮಾತು, ಸುಳ್ಳು, ಎಲ್ಲ ಸುಳ್ಳು. ನಾಳೆ ಈ ಹೊತ್ತಿಗೆ ಬಸ್ಸು ಬೆಟ್ಟ ಇಳಿಯುತ್ತಿರುತ್ತದೆ.

"ಸದ್ಯ," ಎಂದು ಅತ್ತೆ ತೊಡೆ ತಟ್ಟಿಕೊಂಡಳು. "ಬೀಗಿತ್ತೀರೇ, ಇವತ್ತು ಮನಸು ಬಿಚ್ಚಿ ಹೇಳ್ತೀನಿ. ಈ ಹುಡುಗಿ ಮುಖ ನೋಡಿ ನಂಗೆ ಅನುಮಾನ ಇತ್ತು. ಹೊಸವರ್ಷದ ಹಬ್ಬಕ್ಕೆ ಮಗ ಬಂದು ಹೋದ್ನಲ್ಲ, ಏನಾದ್ರೂ ಇದೆಯೇನೋ ಅಂತ. ಈಗ ಮಡಕೇನೇ ಹೇಳ್ತಲ್ಲ, ಹೊಟ್ಟೆ ಖಾಲಿ. ಹೋಗ್ಲಿ ಬಿಡಿ, ಇಬ್ರೂ ಜೊತೇಲಿದ್ರೆ ತಾನಾಗಿ ಆಗುತ್ತೆ."

ಕೇಸೋನ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೊಟ್ಟೆ ಖಾಲಿ ಎಂದು ಮಡಕೆ ಹೇಳಿದೆ, ಅತ್ತೆ ಕೇಳಿದ್ದಾಳೆ, ಸಂಜೆಯೊಳಗೆ ಎರಡು ಊರು ಕೇಳುತ್ತದೆ. ಗಂಡ ಬಂದು ಹೋಗಿ ಎರಡು ತಿಂಗಳ ಮೇಲಾಗಿದೆ. ಹಾಗಾದರೆ ನಾಳೆ ಅವನನ್ನು ಸೇರಿ ಏಳೇ ತಿಂಗಳಿಗೆ ಹುಟ್ಟುವ ಮಗು? ದಿನ ತುಂಬಿ ಹುಟ್ಟಿದ ಗುಂಡುಮಗುವನ್ನು ಏಳು ತಿಂಗಳದ್ದು ಎಂದರೆ ಯಾವ ಹೆಂಗಸು ನಂಬುತ್ತಾಳೆ? ಸೊಮ್‌ಲಿತ್‌ನ ತಾಯಿ ಬೆರಳು ಮಡಚಿ ಎಣಿಸುವವಳು. ಸೊಮ್‌ಲಿತ್ ತಾಯಿಯ ಮಾತು ಕೇಳುವವನು.

"ಅತ್ತೆ," ಎಂದಳು. "ಇದೆ. ಹಬ್ಬದಿಂದಲೇ."

ಅತ್ತೆಯ ಮುಖ ಮೊದಲು ಅರಳಿತು. ಆಮೇಲೆ ಅವಳ ಕಣ್ಣು ಕೋಲಿನ ಮೇಲಿನ ಕೆಂಪಿಗೆ ಹೋಯಿತು, ಅಲ್ಲೇ ಉಳಿಯಿತು.

"ಹಬ್ಬದಿಂದ ಇದ್ದಿದ್ರೆ ಬಣ್ಣ ಹಿಂಗೆ ಬರ್ತಿತ್ತಾ?" ಎಂದಳು ನಿಧಾನವಾಗಿ. "ಆಗ ಇರ್ಲಿಲ್ಲ. ಈಗ್ಲೂ ಇಲ್ಲ. ಮುಂದೆ ಬೇರೆ ಯಾರಿಂದ್ಲೋ ಆಗೋದಕ್ಕೆ ಇವತ್ತೇ ನನ್ನ ಮಗನ ಹೆಸರು ಬರೆಸ್ತಿದ್ದೀಯಾ. ಯಾರೇ ಅವ್ನು?"

"ಅತ್ತೆ, ಆಣೆ ಮಾಡ್ತೀನಿ."

"ಆಣೆ ಬಾಯಲ್ಲಿ ಹುಟ್ಟುತ್ತೆ. ಅರಗಿಗೆ ಬಾಯಿಲ್ಲ, ಅದು ಸುಳ್ಳು ಹೇಳಲ್ಲ." ಅವಳು ಫೋನು ತೆಗೆದು ಎದ್ದಳು. ಸಿಗ್ನಲ್ ಸಿಗುವುದು ದಿಣ್ಣೆಯ ಮೇಲೆ. "ಮಗನ್ನ ಕೇಳ್ತೀನಿ."

ಒನ್ಸಿ ಅವಳಿಗೆ ಅಡ್ಡ ನಿಂತಳು. "ಕೂತ್ಕೊಳ್ಳಿ ಬೀಗಿತ್ತಿ. ತೊಳೆಯೋವರೆಗೂ ಬಣ್ಣ ಬಣ್ಣ ಅಲ್ಲ. ನಿಮಗೆ ನಾನು ಹೇಳ್ಬೇಕಾ?"

ಅದು ನಿಜವಾಗಿತ್ತು. ಅತ್ತೆ ಒಲ್ಲದ ಮನಸ್ಸಿನಿಂದ ಕೂತಳು. ಒನ್ಸಿ ಹಸಿ ಬಟ್ಟೆಯನ್ನು ತೋಳಿಗೆ ಹಾಕಿಕೊಂಡು, ನೀರು ಎತ್ತಿಕೊಡು ಬಾ ಎಂದು ಮಗಳನ್ನು ಕರೆದು ಹಿತ್ತಲಿಗೆ ನಡೆದಳು.

ಹಿತ್ತಲಲ್ಲಿ ಅನ್ನ ಬೇಯಿಸುವ ಒಲೆ. ಒನ್ಸಿ ಅದರ ಬೂದಿಯನ್ನು ಎರಡು ಕೈಯಲ್ಲೂ ಬಾಚಿ ಬೋಗುಣಿಗೆ ಹಾಕಿ, ನೀರು ಹೊಯ್ದು ಕಲಕಿದಳು.

"ಅಮ್ಮಾ, ಇದೇನು?"

"ಮೆಲ್ಲಗೆ. ನೀನು ಹುಳಿ ಬರಿಸಿದ ಮೀನು ಕಂಡ್ರೆ ಮೂಗು ಮುಚ್ಕೊಳ್ಳೋಕೆ ಶುರು ಮಾಡಿದಾಗ್ಲೇ ನಂಗೆ ಗೊತ್ತಾಯ್ತು."

"ಮತ್ತೆ ಮಡಕೆ ಹತ್ರ ಯಾಕೆ ಬಿಟ್ಟೆ?"

"ನಿನ್ನ ಹೊಟ್ಟೇಲಿಟ್ಕೊಂಡು ಇದೇ ಮಡಕೆ ತಿರುವಿದ್ದೆ ನಾನು. ಕೆಂಪೇ ಬಂದಿತ್ತು. ಯಾರಿಗೂ ಹೇಳ್ಲಿಲ್ಲ." ಅವಳು ಬಟ್ಟೆಯನ್ನು ಒಮ್ಮೆ ನೋಡಿದಳು. ಬದುಕಿನಲ್ಲಿ ಇಂಥ ಕೆಂಪು ಅವಳಿಗೆ ಇನ್ನೊಮ್ಮೆ ಬರುತ್ತದೋ ಇಲ್ಲವೋ. ಆಮೇಲೆ ಬೂದಿನೀರಿಗೆ ಅದ್ದಿ ಹಿಸುಕಿದಳು. ಕೆಂಪು ಕಣ್ಣೆದುರೇ ಕಪ್ಪಗಾಗುತ್ತ, ಏಟು ಬಿದ್ದ ಚರ್ಮದ ನೇರಳೆಗೆ ತಿರುಗಿತು.

ಒಳ್ಳೆಯ ನೀರಲ್ಲಿ ಜಾಲಿಸಿ, ಒನ್ಸಿ ಅದನ್ನು ಮುಂದಕ್ಕೆ ತಂದು ಬೀಗಿತ್ತಿಯ ಮಡಿಲಿಗೇ ಹಾಕಿದಳು. "ನೋಡಿ. ಸ್ವಲ್ಪ ತಡವಾಗಿ ಹೇಳ್ತು ನಿಮ್ಮ ಅರಗು."

ಚಾನ್‌ಪೆಂಗ್ ಶಾಲನ್ನು ತಿರುವಿ ಮುರುವಿ ನೋಡಿದಳು. ಮದುವೆಯ ಶಾಲು ಹಾಳಾಗಿತ್ತು. ಅವಳು ಅದನ್ನು ಎದೆಗೊತ್ತಿಕೊಂಡು ಅತ್ತಳು, ನಕ್ಕಳು, ಸೊಸೆಯ ಗಲ್ಲ ಹಿಡಿದು, "ನನ್ನ ಬಾಯಿಗೆ ಹುಳ ಬೀಳ್ಲಿ, ಏನೇನೋ ಅಂದ್ಬಿಟ್ಟೆ," ಎಂದಳು. ಮೊಮ್ಮಗ, ಮೊಮ್ಮಗನೇ. ಇನ್ನು ಬಸ್ಸಿನ ಮಾತೇ ಬೇಡ, ಆ ತಿರುವುಗಳ ರಸ್ತೆಯಲ್ಲಿ ಬಸುರಿಯನ್ನು ಯಾರು ಕಳಿಸುತ್ತಾರೆ? ಹೇಳುತ್ತ ಹೇಳುತ್ತ ಸೊಸೆಯನ್ನೂ ಎಳೆದುಕೊಂಡು ದಿಣ್ಣೆ ಹತ್ತಿಯೇಬಿಟ್ಟಳು. ಫೋನು ಕೇಸೋನಳ ಕೈಗೆ ಬಂದಾಗ ಸೊಮ್‌ಲಿತ್ ಆಗಲೇ ಖುಷಿಗೆ ಕೂಗಾಡುತ್ತಿದ್ದ. "ಅಮ್ಮಂದಿರು ಹೇಳ್ದಂಗೆ ಕೇಳು. ಅಲ್ಲೇ ಇರು, ಅದೇ ಒಳ್ಳೇದು."

"ಹೂಂ," ಎಂದಳು.

ಅವಳು ಇಳಿದು ಬಂದು ಮನೆ ಹತ್ತಿದಾಗ ಒನ್ಸಿ ಅವಳ ಪ್ರಯಾಣದ ಚೀಲ ಬಿಚ್ಚಿ ಬಟ್ಟೆ ಹೊರಗೆ ತೆಗೆಯುತ್ತಿದ್ದಳು. ಅವಳ ಉಗುರಿನ ಸಂದಿಯಲ್ಲಿ ಬೂದಿ ಇನ್ನೂ ಇತ್ತು. ಮಾನ ಕಾಪಾಡಿದ ಕೈ ಅದು, ಮುಟ್ಟಿ ನಮಸ್ಕರಿಸಬೇಕು. ಕೇಸೋನಳಿಗೆ ಅದನ್ನು ಕಚ್ಚಬೇಕು ಎನ್ನಿಸುವಷ್ಟು ಸಿಟ್ಟು ಬಂದಿತ್ತು.

"ಅಮ್ಮಾ, ಬೇರೆ ದಾರಿ ಇರ್ಲಿಲ್ವಾ?"

ಒನ್ಸಿ ಕೆಲಸ ನಿಲ್ಲಿಸಲಿಲ್ಲ. "ಇತ್ತೇನೋ," ಎಂದಳು. "ನಾನು ಹುಡುಕ್ಲಿಲ್ಲ."

ಮಗಳ ಹೊಸ ಲಂಗವನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿ, ಪೆಟ್ಟಿಗೆಯ ತಳಕ್ಕೆ ಇಟ್ಟಳು.